ಜಂಗಲಿ ಯಾವುದೂ ಬಿಡಬ್ಯಾಡ

ನನಗೆ ಕುಡಿಯುವ ಚಟವಿಲ್ಲ, ತಂಬಾಕಿನ ಚಟವಿಲ್ಲ. ಇರುವುದು ಒಂದೇ, ಹೇಳುವ ಚಟ. ವಿಜಯಪುರದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ಅದು ಎಲುಬಿಗೇ ಇಳಿದುಬಿಟ್ಟಿದೆ. ಜೋರಾಪುರ ಪೇಟೆಯ ನಮ್ಮ ಮನೆಗೆ ಯಾರಾದರೂ ಮದುವೆಯ ಕಾರ್ಡು ಕೊಡಲು ಬಂದರೂ, ಬಾಗಿಲ ಬಳಿಯ ಕುಂಡದ ಗಿಡದ ಎಲೆ ಯಾಕೆ ಹಳದಿಯಾಗಿದೆ ಎಂದು ತಿಳಿಸಿಯೇ ಕಳಿಸುತ್ತೇನೆ. "ಅವರಿಗೆ ಬಸ್ಸಿಗೆ ಹೊತ್ತಾಗಾಕತ್ತೈತಿ, ಬಿಡ್ರಿ ಅವರನ್ನ" ಎಂದು ಹೆಂಡತಿ ಒಳಗಿನಿಂದ ಕೂಗಬೇಕು. ಬಂದವರು ನಗುತ್ತ ಚಪ್ಪಲಿ ಮೆಟ್ಟುತ್ತಾರೆ. ನನಗೇನೂ ಬೇಜಾರಾಗುವುದಿಲ್ಲ, ಮುಂದಿನವರು ಬರಲಿ ಎಂದು ಕಾಯುತ್ತೇನೆ.

ಈ ಚಟ ನನ್ನ ಅಕ್ಕನ ದ್ರಾಕ್ಷಿ ತೋಟಕ್ಕೆ ಏನು ಮಾಡಿತು ಎಂಬುದನ್ನು ಬರೆಯಲು ಕುಳಿತಿದ್ದೇನೆ. ಬರೆದರೆ ಬಳ್ಳಿ ಚಿಗುರುವುದಿಲ್ಲ ಎಂಬುದು ಗೊತ್ತಿದೆ. ಆದರೂ ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು ಎಂದು ಒಮ್ಮೆ ಸಾಲಾಗಿ ನೋಡಬೇಕು ಅನಿಸಿದೆ.

ಅಕ್ಕನ ತೋಟ ಇರುವುದು ತಿಕೋಟಾ ದಾಟಿ ಸ್ವಲ್ಪ ಒಳಗೆ. ಬಸ್ಸಿಳಿದು ಹತ್ತು ನಿಮಿಷ ನಡೆದರೆ ಆಯಿತು. ಆಕೆಯ ಗಂಡ ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಸಾಲಿ ಮಾಸ್ತರು. ಬೆಳಗ್ಗೆ ಮೋಟಾರ್ ಸೈಕಲ್ ಹತ್ತಿ ಹೋದರೆ ಸಂಜೆಗೇ ಬರುವುದು. "ಪಡ ಅಕಿದು, ನಾ ಬರೇ ಮೋಟರ್ ಚಾಲೂ ಮಾಡಾವ" ಎನ್ನುತ್ತಾರೆ. ನಮ್ಮ ಕಡೆ ದ್ರಾಕ್ಷಿ ತೋಟಕ್ಕೆ ಪಡ ಎಂದೇ ಹೇಳುವುದು. ಅವರ ಮಾತು ತಮಾಷೆಯೂ ಹೌದು, ನಿಜವೂ ಹೌದು. ಹನ್ನೊಂದು ವರ್ಷದ ಹಿಂದೆ ಗುಂಡಿ ತೋಡಿಸಿದ ದಿನದಿಂದ ಹಿಡಿದು ಪ್ರತಿಯೊಂದು ಬಳ್ಳಿಯನ್ನೂ ಅಕ್ಕನೇ ಕಟ್ಟಿ, ಬಗ್ಗಿಸಿ, ತಂತಿಗೆ ಹಬ್ಬಿಸಿ ಬೆಳೆಸಿದ್ದಾಳೆ. ಯಾವ ಬಳ್ಳಿ ಮೊದಲು ಕಣ್ಣು ಒಡೆದು ಚಿಗುರುತ್ತದೆ, ಯಾವುದು ಎರಡು ದಿನ ಹಟ ಮಾಡುತ್ತದೆ ಎನ್ನುವುದೆಲ್ಲ ಆಕೆಗೆ ಬಾಯಿಪಾಠ. ಮದುವೆ ಮುಂಜಿವೆಗೆ ನಮ್ಮ ಮನೆಗೆ ಬಂದರೂ ರಾತ್ರಿ ಉಳಿಯುವುದಿಲ್ಲ. "ನಾ ಇಲ್ಲಂದ್ರ ಅವು ಉಣ್ಣೂದಿಲ್ಲ" ಎನ್ನುತ್ತಾಳೆ, ಬಳ್ಳಿಗಳ ಬಗ್ಗೆ.

ಇಲ್ಲಿ ಒಂದು ಮಾತಿನ ಅರ್ಥ ಹೇಳದೆ ಮುಂದೆ ಹೋಗಲಾರೆ. ನಮ್ಮ ಸವಳು ನೀರಿನಲ್ಲಿ ತಿನ್ನುವ ದ್ರಾಕ್ಷಿ ತನ್ನ ಸ್ವಂತ ಬೇರಿನ ಮೇಲೆ ಬಾಳುವುದು ಕಷ್ಟ. ಅದಕ್ಕೇ ಮೊದಲು ಕಾಡುಜಾತಿಯ ಗಟ್ಟಿ ದ್ರಾಕ್ಷಿಯ ಕಡ್ಡಿ ನೆಟ್ಟು ಬೇರು ಬಿಡಿಸುತ್ತಾರೆ. ಅದು ಬಲಿತ ಮೇಲೆ ತಲೆ ಕತ್ತರಿಸಿ ಒಳ್ಳೆಯ ತಳಿಯನ್ನು ಕಸಿ ಕಟ್ಟುತ್ತಾರೆ. ಕೆಳಗಿನ ಆ ಕಾಡುಬೇರಿಗೆ ಅಕ್ಕನ ತೋಟದಲ್ಲಿ ಎಲ್ಲರೂ 'ಜಂಗಲಿ' ಎನ್ನುತ್ತಾರೆ. ಕಸಿಯ ಗಂಟಿನ ಕೆಳಗೆ, ಬುಡದಿಂದ, ಜಂಗಲಿ ಆಗಾಗ ತನ್ನದೇ ಚಿಗುರು ಒಡೆಯುತ್ತದೆ. ಬಿಟ್ಟರೆ ಮೇಲಿನ ಬಳ್ಳಿಯ ಪಾಲಿನದನ್ನೆಲ್ಲ ಅದೇ ತಿಂದುಬಿಡುತ್ತದೆ. ಹಾಗಾಗಿ ಆ ಚಿಗುರಿಗೂ ಜಂಗಲಿ ಎಂದೇ ಹೆಸರು. ಹೆಣ್ಣಾಳುಗಳು ತಿಂಗಳಿಗೊಮ್ಮೆ ಕುಡಗೋಲಿನಿಂದ ಅದನ್ನು ಸವರಿ ಹಾಕುತ್ತಾರೆ.

ಹೋದ ಮಳೆಗಾಲದಲ್ಲಿ ಕಸ ವಿಪರೀತವಾಗಿತ್ತು. ಜೇಕು, ಕರಕಿ, ಕಾಂಗ್ರೆಸ್ ಕಸ, ಬಳ್ಳಿಯ ಸಾಲಿನುದ್ದಕ್ಕೂ ಮೊಣಕಾಲ ಮಟ್ಟ. ಕಸ ತೆಗೆಯುವವರೆಲ್ಲ ತೊಗರಿ ಹೊಲಗಳಿಗೆ ಹೋಗಿದ್ದರಿಂದ ಅಕ್ಕನಿಗೆ ಆಳು ಸಿಗಲಿಲ್ಲ. ಕಸದ ಎಣ್ಣಿ ಹೊಡೆಸೋಣವೆಂದರೆ ಅದರ ಮೇಲೆ ಆಕೆಗೆ ನಂಬಿಕೆ ಹೋಗಿತ್ತು. ನಮ್ಮಲ್ಲಿ ಗಿಡಕ್ಕೆ ಹೊಡೆಯುವ ಔಷಧಿಯೆಲ್ಲ ಎಣ್ಣಿಯೇ. ಪಲ್ಯಕ್ಕೆ ಹಾಕುವುದೂ ಎಣ್ಣಿ, ದೀಪದ್ದೂ ಎಣ್ಣಿ. ಮೊದಲೆಲ್ಲ ಆಕೆ ಹೊಡೆಸುತ್ತಿದ್ದದ್ದು ಬಿದ್ದಲ್ಲಿ ಸುಡುವ ಎಣ್ಣಿ. ಕಸಕ್ಕೂ ಅದೇ, ಬುಡದ ಜಂಗಲಿ ಚಿಗುರಿಗೂ ಅದೇ. ಎಲೆ ಸುಟ್ಟು ಬೀಳುತ್ತಿತ್ತು, ಬೇರು ತಣ್ಣಗೆ ಇರುತ್ತಿತ್ತು, ಹದಿನೈದು ದಿನಕ್ಕೆ ಎಲ್ಲ ಮತ್ತೆ ಎದ್ದು ನಿಲ್ಲುತ್ತಿತ್ತು. ಹಿಂದಿನ ವರ್ಷ ಯಾರೋ ಹೇಳಿದರೆಂದು ಬೇರಿನವರೆಗೆ ಹೋಗುವ ಇನ್ನೊಂದು ಎಣ್ಣಿಯನ್ನು ತೋಟದ ಅಂಚಿನ ಜೇಕಿಗೆ ಹೊಡೆಸಿ ನೋಡಿದ್ದಳು. ಅದೂ ಕೆಲಸ ಮಾಡಿರಲಿಲ್ಲ.

"ಎಲಿ ಒಂದೀಟ ಅರಿಶಿಣ ಆತು. ಆಮ್ಯಾಲ ನೋಡಿದ್ರ ನನ್ನ ನೋಡಿ ನಗಾಕತ್ತೈತಿ" ಎಂದಳು.

ಇದಕ್ಕಿಂತ ದೊಡ್ಡ ಆಮಂತ್ರಣ ನನಗೆ ಬೇಕೆ? ಜುಲೈನ ಒಂದು ಭಾನುವಾರ ಬಸ್ಸು ಹತ್ತಿ ಹೊರಟೆ.

ಅಂದು ನಾನು ಮಾಡಿದ ಪಾಠ ನನ್ನ ಜೀವನದಲ್ಲೇ ಒಳ್ಳೆಯ ಪಾಠ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಕಟ್ಟೆಯ ಮೇಲೆ ಅಕ್ಕ ಕುಳಿತಿದ್ದಳು. ಪಕ್ಕದಲ್ಲಿ ಪಂಪು ಹೊಡೆಯುವ ಕಾಕಾ, ಆ ತೋಟದಲ್ಲಿ ಮೊದಲಿನಿಂದಲೂ ಎಣ್ಣಿ ಹೊಡೆಯುವವನು ಅವನೇ. ನಾನು ಒಂದು ಜೇಕಿನ ಎಲೆ ಕಿತ್ತು, ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ಹನಿ ಗುಂಡಗೆ ನಿಂತು, ಎಲೆ ಸ್ವಲ್ಪ ಓರೆ ಮಾಡಿದ ಕೂಡಲೇ ಉರುಳಿ ನೆಲಕ್ಕೆ ಬಿತ್ತು.

"ನೋಡು, ಎಲಿ ಮ್ಯಾಲ ಮೇಣ ಐತಿ. ಮಳಿ ಬಂದ್ರ ತೋಯಬಾರದು ಅಂತ ಗಿಡ ತಾನ ಮಾಡ್ಕೊಂಡಿದ್ದು. ನಿನ್ನ ಎಣ್ಣಿ ಹಿಂಗ ಉರುಳಿ ಬಿದ್ರ ಒಳಗ ಹೋಗೂದರ ಹ್ಯಾಂಗ?"

ಆಮೇಲೆ ಎಣ್ಣಿಯ ಜೊತೆ ಹಾಕಲೆಂದು ಔಷಧಿ ಅಂಗಡಿಯಿಂದ ತಂದಿದ್ದ ಅಂಟನ್ನು ನೀರಿಗೆ ಸ್ವಲ್ಪ ಬೆರೆಸಿ, ಅದರ ಒಂದು ಹನಿ ಬಿಟ್ಟೆ. ಹನಿ ಕುಸಿದು ಎಲೆಯ ಅಗಲಕ್ಕೂ ತೆಳ್ಳಗೆ ಹರಡಿತು.

"ದ್ವಾಸಿ ಹಿಟ್ಟ ಹರದಂಗ ಹರೀತಲ್ಲೋ!" ಎಂದಳು ಅಕ್ಕ.

"ಇದಕ್ಕ ಅಂಟು ಅಂತ ಹೆಸರ ಇಟ್ಟಾವ್ರು ಯಾರೋ ಏನೋ. ಅಂಟಸೂದಲ್ಲ ಇದರ ಕೆಲಸ. ಹನಿ ಒಡದು ಹರಡಸೂದು, ಮೇಣದಾಗ ಎಣ್ಣಿಗೆ ಹಾದಿ ಮಾಡಿ ಕೊಡೂದು" ಎಂದೆ. ಕಾಕಾ ತಲೆಯಾಡಿಸಿದ. ಅವನು ನಲವತ್ತು ವರ್ಷ ಎಣ್ಣಿ ಹೊಡೆದಿದ್ದಾನೆ, ಆದರೂ ನನ್ನ ಎದುರು ಸಾಲಿಗೆ ಬಂದ ಹಾಗೆ ಕುಳಿತಿದ್ದ. ಅದು ನನಗೆ ಹಿತವಾಗಿತ್ತು.

ಬೋರಿನ ನೀರು ಬೇಡ ಎಂದೆ. ಆ ನೀರಿನಲ್ಲಿರುವ ಸುಣ್ಣ ಎಣ್ಣಿಯನ್ನು ಡಬ್ಬಿಯಲ್ಲೇ ಕಟ್ಟಿಹಾಕಿಬಿಡುತ್ತದೆ, ಹೋದ ವರ್ಷ ಹಾಗೇ ಆಗಿರಬೇಕು. ಕೃಷಿ ಹೊಂಡದ ಮಳೆ ನೀರು ಬಳಸು. ಎಲೆಯ ಮೇಲೆ ಧೂಳಿದ್ದರೂ ಅಷ್ಟೇ, ಮಳೆ ಬಂದು ಎಲೆ ತೊಳೆದ ಮರುದಿನ ಹೊಡೆಸು. ಸುಡು ಬಿಸಿಲಲ್ಲಿ ಬೇಡ, ಹನಿ ಒಣಗಿದರೆ ಮುಗಿಯಿತು, ಬೆಳಗ್ಗೆ ಹೊಡೆಸು. ಜಾಸ್ತಿ ಹಾಕಿದರೆ ಜಾಸ್ತಿ ಸಾಯುತ್ತದೆ ಎಂದುಕೊಳ್ಳಬೇಡ. ಎಲೆ ಬೇಗ ಸತ್ತರೆ ದಾರಿಯೇ ಮುಚ್ಚಿಹೋಗುತ್ತದೆ. ಹೀಗೆ ಒಂದೊಂದೇ ಹೇಳಿದೆ. ಕೊನೆಗೆ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬಂದೆ.

"ಎಲಿ ಬಿಸಿಲಾಗ ಸಕ್ಕರಿ ಮಾಡತೈತಿ. ಆ ಸಕ್ಕರಿ ಕೆಳಗ ಬೇರಿಗೆ, ಗಡ್ಡಿಗೆ, ಹೊಸಾ ಕುಡಿಗೆ, ಎಲ್ಲಿ ಬೆಳವಣಿಗಿ ಐತಿ ಅಲ್ಲಿಗೆ ಹೋಗತೈತಿ. ಈ ಎಣ್ಣಿನೂ ಅದರ ಗಾಡಿನ ಹತ್ತಿ ಹೋಗೂದು. ಗಿಡಕ್ಕ ಗೊತ್ತ ಆಗೂದಿಲ್ಲ. ತನ್ನ ಊಟ ತಾನ ಇಳಸಾಕತ್ತೇನಿ ಅಂತ ತಿಳಕೊಂಡಿರತೈತಿ. ಜೇಕಿನ ಗಡ್ಡಿ ಮಣ್ಣಾಗ ಒಂದಕ್ಕೊಂದು ದಾರ ಪೋಣಿಸಿದಂಗ ಇರತಾವಲ್ಲ, ಅಲ್ಲಿತನಾ ಹೋಗಿ ಕೂಡತೈತಿ."

ಅಕ್ಕ ಕೇಳಿದಳು: "ಹಂಗಾರ ನಮ್ಮ ಬಳ್ಳಿಗೆ?"

ಆಕೆ ಕೇಳಿದ್ದು ಅದೊಂದೇ ಪ್ರಶ್ನೆ. ಹನ್ನೊಂದು ವರ್ಷದ ಬಾಳುವೆ ಆ ಪ್ರಶ್ನೆಯಲ್ಲಿತ್ತು. ನಾನು ಅದನ್ನು ವಿದ್ಯಾರ್ಥಿಯ ಪ್ರಶ್ನೆ ಎಂದುಕೊಂಡು ಉತ್ತರಿಸಿದೆ. ಮಣ್ಣಿಗೆ ಬಿದ್ದದ್ದನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಕೊಡುವುದಿಲ್ಲ. ಬಲಿತ ತೊಗಟೆಯ ಮೇಲೆ ಬಿದ್ದರೂ ಒಳಗೆ ಹೋಗುವುದಿಲ್ಲ. ಹಸಿರಿನ ಮೇಲೆ ಬಿದ್ದರೆ ಮಾತ್ರ. ಹಸಿರು ಇರುವುದು ಮೇಲೆ, ಚಪ್ಪರದಲ್ಲಿ. ಪಂಪು ಆಡುವುದು ಕೆಳಗೆ.

"ಬಳ್ಳಿಗೆ ಏನೂ ಅಂಜಿಕಿಲ್ಲ. ನಾ ಅದೀನಲ್ಲ" ಎಂದೆ.

ಹೊಡೆಸುವ ದಿನ ನಾನೇ ಬಂದು ನಿಲ್ಲುತ್ತೇನೆ ಎಂದೂ ಹೇಳಿದ್ದೆ. ಆದರೆ ಆಗಸ್ಟಿನಲ್ಲಿ ಅಕ್ಕನಿಗೆ ಬೇಕಾದಂಥ ಮಳೆ ಬಂದು ಬಿಟ್ಟ ಮರುದಿನ ನಮ್ಮ ಕಾಲೇಜಿನಲ್ಲಿ ಕಿರುಪರೀಕ್ಷೆ. ಉತ್ತರಪತ್ರಿಕೆಯ ಕಟ್ಟು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಬಂತು.

"ತಮ್ಮಾ, ಕಾಕಾ ಬಂದಾನ. ಹೊಂಡದ ನೀರ ತುಂಬೇನಿ, ಅಂಟೂ ಹಾಕೇನಿ. ಎಲ್ಲಾದಕ್ಕೂ ಹೊಡಸಲೇನು? ಜಂಗಲಿಗೂ?"

"ಜಂಗಲಿ ಯಾವುದೂ ಬಿಡಬ್ಯಾಡ" ಎಂದೆ. "ಒಂದ ಬಿಟ್ರೂ ಅದ ಬೀಜ ಚೆಲ್ಲತೈತಿ."

ಗಂಟೆ ಹೊಡೆಯಿತು. ಫೋನು ಕಿಸೆಗೆ ಹಾಕಿ ಒಳಗೆ ಹೋದೆ.

ನನ್ನ ತಲೆಯಲ್ಲಿದ್ದ ಜಂಗಲಿ ಎಂದರೆ ಕಾಂಗ್ರೆಸ್ ಕಸ, ಕರಕಿ, ಬೇಡದೆ ಬೆಳೆದ ಕಾಡು ಗಿಡ. ಅಕ್ಕ ಕೇಳಿದ್ದು ಬಳ್ಳಿಯ ಬುಡದ ಚಿಗುರಿನ ಬಗ್ಗೆ. ಹನ್ನೊಂದು ವರ್ಷ ಆ ಕಟ್ಟೆಯ ಮೇಲೆ ಕುಳಿತು ಆ ಮಾತನ್ನು ಸಾವಿರ ಸಲ ಕೇಳಿದ್ದೇನೆ. ನಾನೇ ಹಾಗೆ ಕರೆದಿದ್ದೇನೆ. ಆ ದಿನ, ಆ ಮೆಟ್ಟಿಲ ಮೇಲೆ, ಆ ಅರ್ಥ ನನಗೆ ಹೊಳೆಯಲಿಲ್ಲ. ಇದಕ್ಕಿಂತ ಹೆಚ್ಚಿನ ಕಾರಣ ನನ್ನ ಬಳಿ ಇಲ್ಲ.

ಹನ್ನೆರಡು ದಿನ ಬಿಟ್ಟು ತೋಟಕ್ಕೆ ಹೋದೆ. ಫಲಿತಾಂಶ ನೋಡುವ ಉತ್ಸಾಹ ನನಗೆ. ಕಸ ನಾನು ಹೇಳಿದ ಹಾಗೇ ಸಾಯುತ್ತಿತ್ತು. ಸುಟ್ಟ ಹಾಗಲ್ಲ, ಒಳಗಿನಿಂದ ಬಾಡಿ, ಹಳದಿ ತಿರುಗಿ, ನಿಧಾನವಾಗಿ. ಒಂದು ಜೇಕು ಕಿತ್ತು ಗಡ್ಡೆ ಒಡೆದು ನೋಡಿದೆ. ಬಿಳಿ ಇರಬೇಕಾದ ಒಳಭಾಗ ಕಂದಾಗಿತ್ತು. "ಭೇಷ್" ಎಂದೆ, ಗಟ್ಟಿಯಾಗಿಯೇ. ಅಕ್ಕ ಚಹಾ ತರಲು ಮನೆಯೊಳಗೆ ಹೋಗಿದ್ದಳು. ಇನ್ನೊಂದು ಗಡ್ಡೆ ಕೀಳೋಣವೆಂದು ಬಳ್ಳಿಯ ಬುಡಕ್ಕೆ ಬಗ್ಗಿದೆ. ಅಲ್ಲಿ ಜಂಗಲಿ ಚಿಗುರು ಇತ್ತು. ಮೊಳದುದ್ದ ಬೆಳೆದಿದ್ದ ನಾಲ್ಕು ಚಿಗುರು, ನಾಲ್ಕೂ ಹಳದಿ. ಎಲೆಗಳು ಜೋತುಬಿದ್ದಿದ್ದವು.

ಮುಂದಿನ ಬಳ್ಳಿಯ ಬುಡ ನೋಡಿದೆ. ಅದರ ಮುಂದಿನದು. ಆಮೇಲೆ ಓಡುತ್ತ ಸಾಲು ಸಾಲು ನೋಡಿದೆ. ಎಲ್ಲ ಕಡೆಯೂ ಹಾಗೇ. ತುದಿಯ ಎರಡು ಸಾಲುಗಳಲ್ಲಿ ಮಾತ್ರ ಕಸವೂ ಹಸಿರು, ಚಿಗುರೂ ಹಸಿರು.

ಚಹಾ ಹಿಡಿದು ಬಂದ ಅಕ್ಕನನ್ನು ಕೇಳಿದೆ: "ಇದಕ್ಕೂ ಹೊಡಸಿದೇನು?"

"ಹ್ಞೂಂ ಮತ್ತ, ನೀನ ಹೇಳಿದ್ದೆಲ್ಲೋ, ಜಂಗಲಿ ಯಾವುದೂ ಬಿಡಬ್ಯಾಡ ಅಂತ. ತುದಿಗೆ ಬರೂದ್ರಾಗ ಎಣ್ಣಿ ತೀರಿ ಹೋತು, ಆ ಎರಡ ಸಾಲ ಉಳದಾವ" ಎಂದಳು. ಮುಖದಲ್ಲಿ ಖುಷಿ ಇತ್ತು. "ಪ್ರತಿ ಸಲ ಕುಡಗೋಲಿಲೆ ಸವರಿ ಸವರಿ ಸಾಕಾಗಿತ್ತು. ಈ ಸಲ ಬೇರಿನಿಂದನ ಹೋಗಾಕತ್ತಾವ."

ಬೇರಿನಿಂದಲೇ. ಆ ಬೇರು ಯಾರದು? ಕೆಳಗಿನ ಜಂಗಲಿ ಬೇರೆ, ಮೇಲಿನ ಬಳ್ಳಿ ಬೇರೆ ಎಂಬುದು ಮಾತಿನಲ್ಲಷ್ಟೇ ನಿಜ. ಮೇಲಿನ ಬಳ್ಳಿ ನೀರು ಕುಡಿಯುವುದೂ ಆ ಬೇರಿನಿಂದಲೇ. ಚಿಗುರಿನ ಎಲೆ ಕುಡಿದದ್ದು ಸಕ್ಕರೆಯ ಜೊತೆ ಕೆಳಗಿಳಿದು ಅಲ್ಲಿ ಕುಳಿತಿದೆ. ಹಿಂದಿನ ವರ್ಷದ ಹಾಗೆ ಬೋರಿನ ನೀರಲ್ಲಿ, ಅಂಟಿಲ್ಲದೆ, ಮಟಮಟ ಮಧ್ಯಾಹ್ನ ಹೊಡೆಸಿದ್ದರೆ ಅರ್ಧದಷ್ಟೂ ಒಳಗೆ ಹೋಗುತ್ತಿರಲಿಲ್ಲ. ನನ್ನ ಪಾಠ ಕೇಳಿದ್ದರಿಂದ ಪೂರ್ತಿ ಹೋಗಿತ್ತು.

ತಲೆಯೆತ್ತಿ ನೋಡಿದೆ. ಚಪ್ಪರದ ತುಂಬ ಕಡುಹಸಿರು ಎಲೆ. ಒಂದು ಕಲೆಯಿಲ್ಲ. ನೋಡಿದವರು ಯಾರಾದರೂ ದೃಷ್ಟಿ ತೆಗೆಯಬೇಕು, ಹಾಗಿತ್ತು. ಬಲಿತ ಎಲೆಗೆ ಇದು ಏನೂ ಮಾಡುವುದಿಲ್ಲ. ಇದು ಕಾಯುವುದು ಹೊಸ ಕುಡಿಗೆ. ಅಕ್ಟೋಬರಿನಲ್ಲಿ ಚಾಟಣಿ, ಅಂದರೆ ಬಳ್ಳಿಯ ಕಡ್ಡಿಗಳನ್ನೆಲ್ಲ ಮೋಟಾಗಿ ಕತ್ತರಿಸುವ ಕೆಲಸ. ಆಗ ಬೇರಿನಲ್ಲಿ ಕೂಡಿಟ್ಟದ್ದೆಲ್ಲ ಮೇಲೇರಿ ಹೊಸ ಕಣ್ಣುಗಳಿಗೆ ಬರುತ್ತದೆ. ಇದೂ ಬರುತ್ತದೆ. ಅಲ್ಲಿಯವರೆಗೆ ಬಳ್ಳಿ ಹೀಗೇ ಸುಮ್ಮನೆ ನಳನಳಿಸುತ್ತಿರುತ್ತದೆ.

ಅಕ್ಕನ ಕುಡಗೋಲು ಇಸಿದುಕೊಂಡು ಆ ಚಿಗುರುಗಳನ್ನು ಕತ್ತರಿಸತೊಡಗಿದೆ. ಉಪಯೋಗವಿಲ್ಲ ಎಂಬುದು ಗೊತ್ತಿತ್ತು. ಇಳಿಯುವುದು ಇಳಿದಾಗಿತ್ತು. ಆದರೂ ಒಂದು ಸಾಲು ಪೂರ್ತಿ ಕತ್ತರಿಸಿದೆ. ಕೈಗೆ ಬೊಕ್ಕೆ ಬಂದವು.

"ಯಾಕೋ, ಸಾಯಾಕತ್ತಾವಲ್ಲ ತಾವ?" ಎಂದಳು ಅಕ್ಕ.

"ಬುಡಕ್ಕ ಗಾಳಿ ಆಡಲಿ" ಎಂದೆ.

ಅಂದೇ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. ಆದರೆ ಹೇಳಿ ಏನು ಮಾಡುವುದು? 'ಅಕ್ಕಾ, ನಿನ್ನ ಬಳ್ಳಿಯ ಬೇರಿನಲ್ಲಿ ವಿಷ ಕುಳಿತಿದೆ, ಅದನ್ನು ತೆಗೆಯುವ ದಾರಿ ಇಲ್ಲ, ಎರಡು ತಿಂಗಳು ಕಾಯಿ' ಎನ್ನುವುದೆ? ಪರಿಹಾರವಿಲ್ಲದ ಸುದ್ದಿಯನ್ನು ಕೊಡುವುದಕ್ಕಿಂತ ಕೊಡದಿರುವುದೇ ಒಳ್ಳೆಯದು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಅಂದುಕೊಂಡದ್ದು ತಪ್ಪೂ ಇರಬಹುದು, ಬಳ್ಳಿ ಹಳೆಯದು, ಗಟ್ಟಿಯಿದೆ, ತಡೆದುಕೊಂಡರೂ ತಡೆದುಕೊಂಡೀತು ಎಂದೂ ಹೇಳಿಕೊಂಡೆ. ಇವೆಲ್ಲ ಬಣ್ಣದ ಮಾತು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು, ಊಟ ಕೆಟ್ಟಿತು. ಕಾಲೇಜಿನಲ್ಲಿ ಗಿಡದೊಳಗೆ ಆಹಾರ ಸಾಗುವ ಪಾಠ ಅದೇ ತಿಂಗಳು ಬಂತು. ಹಲಗೆಯ ಮೇಲೆ ಎಲೆಯಿಂದ ಬೇರಿಗೆ ಬಾಣದ ಗುರುತು ಹಾಕಿ, ಬೇರಿನಿಂದ ಕುಡಿಗೆ ಹಾಕಬೇಕಾದಾಗ ಕೈ ನಿಂತಿತು. "ಉಳದದ್ದು ನೀವ ಓದ್ಕೋರಿ" ಎಂದು ಹೊರಗೆ ಬಂದುಬಿಟ್ಟೆ. ಅಕ್ಕ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಪಡ ಚಲೋ ಐತಿ, ಕಸ ಹೋಗಿ ಹಸನ ಆಗೈತಿ, ನೋಡಾಕ ಬಾ. ನಾನು ಏನಾದರೂ ನೆಪ ಹೇಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ತಡೆಯಲಾಗದೆ ಬಬಲೇಶ್ವರಕ್ಕೆ ಹೋದೆ. ಅಲ್ಲಿ ಒಬ್ಬ ಹಿರಿಯ ದ್ರಾಕ್ಷಿ ಬೆಳೆಗಾರರಿದ್ದಾರೆ. ಅವರ ತೋಟದಲ್ಲಿ ಒಮ್ಮೆ ಹೀಗೇ ಆಗಿತ್ತೆಂದು ಯಾರೋ ಹೇಳಿದ್ದರು. ಅಕ್ಕನ ಮನೆಯವರಿಗೂ ಪರಿಚಯದವರೇ. ನಾನು ಯಾರದೋ ತೋಟದ ಕಥೆ ಎಂಬಂತೆ ಶುರುಮಾಡಿದೆ. ಅವರು ನನ್ನ ಮುಖ ನೋಡಿ, "ನಿಮ್ಮ ಅಕ್ಕಾರ ಪಡ ಏನ್ರಿ ಸರ?" ಎಂದು ನೇರವಾಗಿ ಕೇಳಿದರು. ಹೌದು ಎಂದೆ.

"ನೀರ ಬಿಡ್ರಿ, ಸಗಣಿ ಗೊಬ್ಬರ ಹಾಕ್ರಿ, ಕಾಯ್ರಿ. ನಾನೂ ಏನೇನೋ ಹೊಡದು ನೋಡೇನ್ರಿ. ಬೇರು ಉಂಡದ್ದನ್ನ ಕಕ್ಕಸಾಕ ಬರೂದಿಲ್ಲ" ಎಂದರು.

"ನಿಮ್ಮ ಬಳ್ಳಿ ಉಳದೂ ಏನ್ರಿ?"

"ಕೆಲವು ಉಳದೂ. ಕೆಲವು ಹೋದೂ. ಯಾವು ಉಳೀತಾವ ಅಂತ ಮೊದಲ ಹೇಳಾಕ ಆಗೂದಿಲ್ರಿ."

ತೋಟದಲ್ಲಿ ಚಹಾ ಕುಡಿಸಿ, ಬಸ್ ಸ್ಟ್ಯಾಂಡಿನವರೆಗೆ ಗಾಡಿಯ ಮೇಲೆ ಬಿಟ್ಟರು. ವಿಜಯಪುರದಲ್ಲಿ ಇಳಿದವನು ಮನೆಗೆ ಹೋಗಲು ಮನಸ್ಸಾಗದೆ ಎದುರಿಗೆ ನಿಂತಿದ್ದ ಟಂಟಂ ಹತ್ತಿದೆ. ಅದು ಗೋಳಗುಮ್ಮಟದ ಕಡೆ ಹೋಗುವುದಾಗಿತ್ತು. ಅಲ್ಲಿ ಇಳಿದು, ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಸುಮ್ಮನೆ ಒಂದು ತಾಸು ಕುಳಿತೆ. ಇಡೀ ಜಿಲ್ಲೆಯಲ್ಲಿ ಆ ಎಣ್ಣಿ ಈಗ ಎಲ್ಲಿದೆ, ಏನು ಮಾಡುತ್ತಿದೆ ಎಂದು ನನ್ನಷ್ಟು ಸರಿಯಾಗಿ ತಿಳಿದವರು ಹೆಚ್ಚು ಜನ ಇರಲಿಕ್ಕಿಲ್ಲ. ಆ ತಿಳುವಳಿಕೆಯಿಂದ ಒಂದು ಎಲೆಯನ್ನೂ ಉಳಿಸಲು ಆಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಚಾಟಣಿಯಾಯಿತು. ಆ ದಿನ ಹೋಗದಿರಲು ನೆಪ ಸಿಗಲಿಲ್ಲ. ಪ್ರತಿ ವರ್ಷದಂತೆ ಅಕ್ಕ ಮೊದಲ ಬಳ್ಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದಳು. ಕತ್ತರಿಗಳು ಸದ್ದು ಮಾಡತೊಡಗಿದವು. ಸಂಜೆಯ ಹೊತ್ತಿಗೆ ಅಷ್ಟೂ ಹಸಿರು ನೆಲಕ್ಕೆ ಬಿದ್ದು, ತಂತಿಯ ಮೇಲೆ ಬರೀ ಕಂದು ಕಡ್ಡಿ ಉಳಿದವು. ಕಣ್ಣು ಒಟ್ಟಿಗೆ ಒಡೆಯಲೆಂದು ಮರುದಿನ ಹೆಣ್ಣಾಳುಗಳು ಕೈಗವಸು ಹಾಕಿಕೊಂಡು ಒಂದೊಂದು ಕಣ್ಣಿಗೂ ಪೇಸ್ಟ್ ಹಚ್ಚಿದರು. ಆಮೇಲೆ ಕಾಯುವುದು.

ತುದಿಯ ಎರಡು ಸಾಲು ಮೊದಲು ಕಣ್ಣು ಬಿಟ್ಟವು. ಗುಲಾಬಿ ಬಣ್ಣದ ಮೊಗ್ಗು ಉಬ್ಬಿ, ಅಂಗೈಯಷ್ಟು ಎಲೆ ಬಿಚ್ಚಿ, ಅದರ ಬಗಲಲ್ಲಿ ಸಣ್ಣ ಗೊನೆ. ಉಳಿದ ಸಾಲುಗಳಲ್ಲಿ ಕೆಲವು ಕಣ್ಣು ಒಡೆಯಲೇ ಇಲ್ಲ. ಒಡೆದವುಗಳಿಂದ ಎಲೆ ಎನ್ನುವಂಥದ್ದು ಬರಲಿಲ್ಲ. ಸೂಜಿಯ ಹಾಗೆ ಕಿರಿದಾದ, ಬಿಳಿಚಿಕೊಂಡ, ಅಂಚು ಮುದುಡಿದ ಏನೋ ಬಂತು. ಒಂದೇ ಗೆಣ್ಣಿನಲ್ಲಿ ಹತ್ತು ಕುಡಿ ಗುಂಪಾಗಿ ಹೊರಟು ಅಲ್ಲೇ ನಿಂತುಬಿಟ್ಟವು. ಪ್ರಯೋಗ ಮಾಡುವಾಗ ಹೋಲಿಕೆಗೆಂದು ಒಂದು ಭಾಗವನ್ನು ಮುಟ್ಟದೆ ಬಿಡಬೇಕೆಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಇಲ್ಲಿ ಎಣ್ಣಿ ತೀರಿಹೋಗಿ ಆ ಭಾಗ ತಾನೇ ಉಳಿದಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಪಂಪಿನ ಕಾಕಾ ನನ್ನನ್ನು ಹೊಂಡದ ಬಳಿ ಹಿಡಿದು ನಿಲ್ಲಿಸಿದ. ಟೊಪ್ಪಿಗೆ ಕೈಯಲ್ಲಿತ್ತು.

"ಸರ, ನಾ ಏನರ ತಪ್ಪ ಮಾಡಿದ್ನೇನ್ರಿ? ಪಂಪ ಚಂದಂಗ ತೊಳದಿದ್ದೆ. ನೀವ ಹೇಳಿದಷ್ಟ ಹಾಕೇನ್ರಿ, ಒಂದ ಹನಿ ಹೆಚ್ಚಿಲ್ಲ."

"ನಿನ್ನದು ಏನೂ ತಪ್ಪಿಲ್ಲ ಕಾಕಾ" ಎಂದೆ.

"ಮತ್ತ ಯಾಕ ಹಿಂಗ ಆತ್ರಿ?"

ನಾನು ಹೊಂಡದ ನೀರು ನೋಡುತ್ತ ನಿಂತೆ. ಅವನು ಸ್ವಲ್ಪ ಹೊತ್ತು ಕಾದು ಹೋದ. ಅಂದು ಆ ಮುದುಕನಿಗೆ ಎರಡು ಮಾತಿನ ಉತ್ತರ ಕೊಡಲಾರದ ನಾನು ಎಂಥ ಮಾಸ್ತರ ಎಂದು ಈಗಲೂ ನಾಚಿಕೆಯಾಗುತ್ತದೆ.

ಅಕ್ಕನಿಗೆ ಹೇಳಿದ್ದು ನವೆಂಬರಿನಲ್ಲಿ, ಒಂದು ಮಧ್ಯಾಹ್ನ, ತೋಟದ ನಡುವೆ. ಆಕೆ ಒಂದೊಂದೇ ಬಳ್ಳಿಯ ಬಳಿ ನಿಂತು ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದಳು. ನಾನು ಹಿಂದೆ ಹಿಂದೆ ನಡೆಯುತ್ತ ಎಲ್ಲವನ್ನೂ ಹೇಳಿದೆ. ಫೋನಿನ ಮಾತು, ನಾನು ತಿಳಿದ ಜಂಗಲಿ, ಆಕೆ ತಿಳಿದ ಜಂಗಲಿ, ಚಿಗುರಿನಿಂದ ಬೇರಿಗೆ, ಬೇರಿನಿಂದ ಕಣ್ಣಿಗೆ. ವರ್ಷದ ಎರಡನೆಯ ಚಾಟಣಿ ಏಪ್ರಿಲ್‌ನಲ್ಲಿ, ಅದಾದ ಮೇಲೆ ಕೆಲವಾದರೂ ಸುಧಾರಿಸಬಹುದು, ಯಾವುದು ಎಂದು ಹೇಳಲಾರೆ ಎಂದೆ. ಆಗಸ್ಟಿನಲ್ಲೇ ನನಗೆ ಗೊತ್ತಾಗಿತ್ತು ಎಂದೂ ಹೇಳಿದೆ.

ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಆಕೆ ಕೆರೆಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತೋ" ಎಂದಳು. "ಆವತ್ತ ಚಾ ತಗೊಂಡ ಬಂದಾಗ ನಿನ್ನ ಮಾರಿ ನೋಡೇನಿ. ಚಾ ಬಿಟ್ಟು ಸಾಯೂ ಚಿಗುರ ಕೊಯ್ಯಾಕ ಹತ್ತಿದಿ. ಏನೋ ಐತಿ, ತಾನ ಹೇಳತಾನ ಅಂತ ಬಿಟ್ಟೆ. ಆಮ್ಯಾಲ ಬಬಲೇಶ್ವರದ ಹಿರ್ಯಾರು ಸಂತ್ಯಾಗ ಸಿಕ್ಕಿದ್ರು. ನಿಮ್ಮ ತಮ್ಮ ಬಂದಿದ್ರಲ್ಲ, ಪಡ ಈಗ ಹ್ಯಾಂಗೈತಿ ಅಂತ ಕೇಳಿದ್ರು. ಅವತ್ತ ಎಲ್ಲಾ ತಿಳೀತು."

"ಮತ್ತ ಚಾಟಣಿ ಯಾಕ ಮಾಡಿಸಿದಿ? ನನ್ನ ಯಾಕ ಕೇಳಲಿಲ್ಲ?"

"ಎಷ್ಟ ಸಲ ಫೋನ ಮಾಡೇನಿ, ನೆನಪ ಮಾಡ್ಕೊ. ಪಡ ಚಲೋ ಐತಿ, ನೋಡಾಕ ಬಾ ಅಂತ ಅಂದೆ. ನೀ ಬರಲಿಲ್ಲ. ನೀನ ಬಾಯಿ ಬಿಡಲಿಲ್ಲ ಅಂದ ಮ್ಯಾಲ ಒಂದೀಟ ಆಸೆ ಇಟ್ಕೊಂಡೆ. ಖರೆ ಇದ್ರ ನನ್ನ ತಮ್ಮ ನನಗ ಹೇಳದ ಇರತಾನೇನು ಅಂತ."

ನಾನು ಏನೋ ಹೇಳಲು ಹೋದೆ. ಆಕೆ ಕೈ ಮಾಡಿ ತಡೆದಳು.

"ನೀ ಹೇಳಿದ್ರೂ ಬಳ್ಳಿ ಉಳೀತಿರ್ಲಿಲ್ಲ, ಅದು ನನಗೂ ತಿಳೀತೈತಿ. ಆದ್ರ ತಮ್ಮಾ, ನೀ ಅಲ್ಲಿ, ನಾ ಇಲ್ಲಿ. ಎರಡ ತಿಂಗಳ ನಾ ಒಬ್ಬಾಕಿನ ಅಂಜೀನಿ."

ಅಷ್ಟು ಹೇಳಿ ಅಕ್ಕ ಮುಂದಿನ ಬಳ್ಳಿಗೆ ಹೋದಳು.